ಸಿಂಡಿಕೇಟಿಗೆ ನಮ್ಮವರೇ ಬೇಕೆ?



ಮಂಗಳೂರು ವಿಶ್ವವಿದ್ಯಾನಿಲಯದ ಸಿಂಡಿಕೇಟಿಗೆ ನಾಮನಿರ್ದೇಶನ ಎಂದೊಡನೆ ಬಿಜೈಯಲ್ಲಿರುವ ನನಗೂ ಕರೆ ಬರುತ್ತದೆ: ‘ಬುದ್ಧಿಯವರಿಂದ ಒಂದು ಪತ್ರ ಕೊಡಿಸಿ.’ ನಾನು ಕೊಡಿಸುವುದಿಲ್ಲ. 2000ದ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಂತೆ ಸರ್ಕಾರ ಆರು ಮಂದಿಯನ್ನು ನಾಮಕರಣ ಮಾಡುತ್ತದೆ. ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು, ಅಲ್ಪಸಂಖ್ಯಾತರು, ಇವರಿಗೆಲ್ಲ ಅದರಲ್ಲೇ ಸ್ಥಾನವಿದೆ. ಮಠದ ಪಾಲು ಎಂಬುದು ಮಾತ್ರ ಎಲ್ಲೂ ಇಲ್ಲ.

ಕೊಣಾಜೆಯ ಆ ಸಭೆ ಹಾರ ಹಾಕಿಸಿಕೊಳ್ಳುವ ವೇದಿಕೆಯಲ್ಲ. ವಿಶ್ವವಿದ್ಯಾನಿಲಯದ ಹಣ, ಆಸ್ತಿ, ಆಡಳಿತದ ಹೊಣೆ ಅದರದು. ಸ್ಥಾನಗಳು ಖಾಲಿ ಉಳಿದಷ್ಟು ದಿನ ಅಧಿಕಾರಿಗಳನ್ನು ಪ್ರಶ್ನಿಸುವ ಹೊರಗಿನ ದನಿ ಕ್ಷೀಣಿಸುತ್ತದೆ. ಹಾಗೆಂದು ಕಡತ ಓದದವರನ್ನು ಕೂರಿಸಿದರೆ (ಅಂಥವರು ನಮ್ಮಲ್ಲೂ ಇದ್ದಾರೆ) ವಿದ್ಯಾರ್ಥಿಗೇನು ಬಂತು? ಆ ಸ್ಥಾನ ಕಾಯಕ, ಪ್ರಸಾದವಲ್ಲ. ಬೇಗ ತುಂಬಿರೆಂದು ಮಠಗಳು ಸರ್ಕಾರವನ್ನು ಒತ್ತಾಯಿಸಲಿ, ಯಾರ ಹೆಸರನ್ನೂ ಹೇಳದೆ.