ಗಿಳಿ ಸಾಕುವವರು ಆ ಬೆಕ್ಕಿನ ಘಟನೆಯನ್ನು ಮರೆಯದಿರಲಿ

ಇತ್ತೀಚೆಗೆ ಸಂಬಂಧಿಕರೊಬ್ಬರ ಮನೆಗೆ ಹೋಗಿದ್ದೆ. ಸಿಟೌಟ್‌ನಲ್ಲಿ ತೂಗುಹಾಕಿದ್ದ ಪಂಜರದೊಳಗೆ ಹಸಿರು ಬಣ್ಣದ ದೊಡ್ಡ ಗಿಳಿಯೊಂದಿತ್ತು. ಅದರ ಎದೆಯ ಮೇಲೆ ಒಂದು ಪುಕ್ಕವೂ ಇರಲಿಲ್ಲ, ಬರೀ ಚರ್ಮ. ‘ಯಾಕೆ ಹೀಗೆ?’ ಎಂದು ಕೇಳಿದೆ. ‘ಅದೇ ಕಿತ್ತುಕೊಳ್ಳುತ್ತದೆ, ಏನು ರೋಗವೋ’ ಎಂದರು ಮನೆಯೊಡತಿ. ಗಿಳಿಯನ್ನು ಕೊಂಡು ತಂದ ಮಗ ರಜೆ ಮುಗಿಸಿ ದುಬೈಗೆ ಮರಳಿದ್ದ. ಪಂಜರದ ಬಟ್ಟಲಲ್ಲಿ ಸೂರ್ಯಕಾಂತಿ ಬೀಜ ಬಿಟ್ಟರೆ ಬೇರೇನೂ ಇರಲಿಲ್ಲ.

ಅದು ಎಕ್ಲೆಕ್ಟಸ್ ಗಿಳಿ. ನ್ಯೂಗಿನಿ, ಸೊಲೊಮನ್ ದ್ವೀಪಗಳು ಮತ್ತು ಆಸ್ಟ್ರೇಲಿಯಾದ ಈಶಾನ್ಯ ತುದಿಯ ಮಳೆಕಾಡುಗಳು ಅದರ ತವರು. ಗಂಡು ಹಸಿರು, ಹೆಣ್ಣು ಕೆಂಪು ಮತ್ತು ನೇರಳೆ. ಇವೆರಡೂ ಬೇರೆ ಬೇರೆ ಜಾತಿಯ ಹಕ್ಕಿಗಳೆಂದು ವಿಜ್ಞಾನಿಗಳೇ ಬಹುಕಾಲ ತಿಳಿದಿದ್ದರು. ಈ ಅಂದಕ್ಕೆ ಮಾರುಹೋಗಿ ಹಬ್ಬಕ್ಕೆ, ಮಕ್ಕಳ ಹಟಕ್ಕೆ ಇದನ್ನು ಕೊಳ್ಳುವ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ. ಕೊಳ್ಳುವವರು ಯೋಚಿಸದ ವಿಷಯವೊಂದಿದೆ. ಚೆನ್ನಾಗಿ ನೋಡಿಕೊಂಡರೆ ಈ ಹಕ್ಕಿ ಮೂವತ್ತು ವರ್ಷ ಬದುಕುತ್ತದೆ. ಇಂದು ಹಟ ಹಿಡಿಯುವ ಮಗು ಮದುವೆಯಾಗಿ ಮಕ್ಕಳನ್ನು ಪಡೆದ ಮೇಲೂ ಅದು ಮನೆಯಲ್ಲೇ ಇರುತ್ತದೆ.

ಹಕ್ಕಿ ಸಾಕುವುದು ನಮ್ಮಲ್ಲಿ ನಿಷಿದ್ಧವಲ್ಲ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ಒಂದು ಚಿಕ್ಕ ಹಕ್ಕಿಯಿತ್ತು. ಪ್ರವಾದಿ(ಸ)ಯವರು ಆ ಬಾಲಕನನ್ನು ಕಂಡಾಗ ಪ್ರೀತಿಯಿಂದ ಹಕ್ಕಿಯ ಬಗ್ಗೆ ವಿಚಾರಿಸುತ್ತಿದ್ದರು. ವಿದ್ವಾಂಸರು ಹಕ್ಕಿ ಸಾಕಲು ಅನುಮತಿಯಿದೆ ಎನ್ನುವುದು ಈ ಹದೀಸ್‌ನ ಆಧಾರದಲ್ಲಿಯೇ. ಆದರೆ ಬುಖಾರಿ, ಮುಸ್ಲಿಮ್‌ಗಳಲ್ಲಿ ಇನ್ನೊಂದು ಹದೀಸ್ ಕೂಡ ಇದೆ. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ಅದಾಗಿಯೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದಳು. ಮೊದಲನೆಯದು ಅನುಮತಿ, ಎರಡನೆಯದು ಷರತ್ತು. ನಾವು ಅನುಮತಿಯನ್ನು ಮಾತ್ರ ನೆನಪಿಟ್ಟುಕೊಂಡು ಷರತ್ತನ್ನು ಮರೆಯುತ್ತಿದ್ದೇವೆ ಎಂಬುದೇ ನನ್ನ ದೂರು.

‘ನಾವೇನು ಉಪವಾಸ ಕೆಡವಿಲ್ಲವಲ್ಲ’ ಎನ್ನಬಹುದು. ಆದರೆ ಹೊಟ್ಟೆ ತುಂಬಿಸುವುದೇ ಬೇರೆ, ಸರಿಯಾದ ಆಹಾರ ಕೊಡುವುದೇ ಬೇರೆ. ಹಣ್ಣು, ಚಿಗುರು, ಮೊಗ್ಗುಗಳನ್ನು ತಿಂದು ಬದುಕುವ ಕಾಡಿನ ಹಕ್ಕಿಗೆ ದಿನವೂ ಎಣ್ಣೆಬೀಜ ಹಾಕಿದರೆ ಕೊಬ್ಬು ಬೆಳೆಯುತ್ತದೆ, ಎ ಜೀವಸತ್ವದ ಕೊರತೆಯಾಗುತ್ತದೆ. ಇದರ ಊಟ ನಮ್ಮ ಅಡುಗೆಮನೆಯಲ್ಲೇ ಇದೆ: ಪಪ್ಪಾಯಿ, ದಾಳಿಂಬೆ, ಸಿಹಿಗುಂಬಳ, ಕ್ಯಾರೆಟ್, ನುಗ್ಗೆಸೊಪ್ಪು, ಮೊಳಕೆ ಬರಿಸಿದ ಹೆಸರುಕಾಳು. ನಮ್ಮ ಸೆಖೆಗೆ ಕತ್ತರಿಸಿದ ಹಣ್ಣು ಬೇಗ ಹಳಸುವುದರಿಂದ ಎರಡು ಗಂಟೆಯೊಳಗೆ ಬಟ್ಟಲು ತೆಗೆದು ತೊಳೆಯಬೇಕು. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಕಾಫಿ, ಈರುಳ್ಳಿ ವಿಷಕ್ಕೆ ಸಮಾನ. ಉಪ್ಪು, ಎಣ್ಣೆ ಹಾಕಿದ ತಿಂಡಿಯೂ ಬೇಡ. ಅಂಗಡಿಯವರು ಹೇಳಿದರೆಂದು ವಿಟಮಿನ್ ಹನಿಗಳನ್ನು ನೀರಿಗೆ ಸುರಿಯಬೇಡಿ. ಅತಿಯಾದ ಪೂರಕಾಂಶದಿಂದ ಈ ಜಾತಿಯ ಗಿಳಿಗಳು ಕಾಲ್ಬೆರಳನ್ನು ಬಿಡದೆ ತಟ್ಟತೊಡಗುವುದನ್ನು ಸಾಕುವವರು ಕಂಡಿದ್ದಾರೆ.

ಹಕ್ಕಿಯ ಶ್ವಾಸಕೋಶ ಬಹಳ ಸೂಕ್ಷ್ಮ. ನಾನ್‌ಸ್ಟಿಕ್ ಬಾಣಲೆ ಒಲೆಯ ಮೇಲೆ ಅತಿಯಾಗಿ ಕಾದರೆ ಬರುವ ಹೊಗೆ ನಿಮಿಷಗಳಲ್ಲೇ ಅದನ್ನು ಕೊಲ್ಲಬಲ್ಲದು. ಶುಕ್ರವಾರ ನಾವು ಹಾಕುವ ಊದ್, ಬುಖೂರ್‌ನ ಹೊಗೆ, ಸೊಳ್ಳೆಬತ್ತಿ, ಅತ್ತರಿನ ಸ್ಪ್ರೇ ಯಾವುದೂ ಅದಕ್ಕೆ ಒಳ್ಳೆಯದಲ್ಲ. ಅಡುಗೆಮನೆಯ ಪಕ್ಕ ಪಂಜರ ಬೇಡ. ಪಂಜರದಿಂದ ಹೊರಬಿಡುವ ಮುನ್ನ ಫ್ಯಾನ್ ಆಫ್ ಮಾಡಬೇಕು, ಕಿಟಕಿ ಮುಚ್ಚಬೇಕು. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲು, ಮೌನ ಅದಕ್ಕೆ ಬೇಕು. ರಮಝಾನ್‌ನಲ್ಲಿ ತರಾವೀಹ್‌ನಿಂದ ಸಹರಿಯವರೆಗೆ ದೀಪ ಉರಿಯುವ ಮನೆಯಲ್ಲಿ ಅದಕ್ಕಾಗಿ ಬೇರೆ ಕೋಣೆಯನ್ನೇ ಬಿಟ್ಟುಕೊಡಬೇಕಾದೀತು.

ಇನ್ನು ಮನೆಯವರ ಆರೋಗ್ಯದ ಮಾತು. ಗಿಳಿಯ ಒಣಗಿದ ಹಿಕ್ಕೆಯ ಧೂಳಿನಿಂದ ಸಿಟಾಕೋಸಿಸ್ ಎಂಬ ಸೋಂಕು ಮನುಷ್ಯರಿಗೆ ತಗಲಬಹುದು. ಜ್ವರ, ತಲೆನೋವು, ಒಣಕೆಮ್ಮಿನಿಂದ ಶುರುವಾಗಿ ನ್ಯುಮೋನಿಯಾ ಆಗಬಹುದು. ಸಕಾಲದಲ್ಲಿ ಗುರುತಿಸಿದರೆ ಔಷಧಿಯಿಂದ ಗುಣವಾಗುತ್ತದೆ. ಆದ್ದರಿಂದ ಹಕ್ಕಿ ಇರುವ ಮನೆಯವರು ಜ್ವರ, ಕೆಮ್ಮೆಂದು ವೈದ್ಯರ ಬಳಿ ಹೋದಾಗ ಅದನ್ನೂ ಹೇಳಬೇಕು. ಪಂಜರದ ತಳಕ್ಕೆ ಪತ್ರಿಕೆ ಹಾಸಿ ದಿನವೂ ಬದಲಾಯಿಸಿ. ಗುಡಿಸುವ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಗರ್ಭಿಣಿಯರು, ವೃದ್ಧರು, ಉಬ್ಬಸವಿರುವವರು ಈ ಕೆಲಸದಿಂದ ದೂರವಿರಲಿ. ಮಕ್ಕಳು ಗಿಳಿಗೆ ಮುತ್ತಿಡುವುದು, ಬಾಯಿಯಿಂದ ತುತ್ತು ಕೊಡುವುದು ಬೇಡ. ಶಾಫಿಈ ಮದ್‌ಹಬ್‌ನ ಪ್ರಕಾರ ಹಿಕ್ಕೆ ನಜಸ್. ನಮಾಝ್ ಮಾಡುವ ಕೋಣೆಯಲ್ಲಿ ಪಂಜರ ಇಡದಿದ್ದರೆ ಶುದ್ಧಿಯ ಚಿಂತೆಯೂ ಇಲ್ಲ, ಆರೋಗ್ಯದ ಚಿಂತೆಯೂ ಇಲ್ಲ.

ಕಾನೂನನ್ನೂ ತಿಳಿದಿರಬೇಕು. ನಮ್ಮೂರಿನ ಹಸಿರು ಗಿಳಿಯನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಎಕ್ಲೆಕ್ಟಸ್‌ನಂಥ ವಿದೇಶಿ ಹಕ್ಕಿಗಳನ್ನು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರವಿಲ್ಲದ ಹಕ್ಕಿಯನ್ನು ಕೊಳ್ಳಲೇಬಾರದು.

ಪುಕ್ಕ ಕಿತ್ತುಕೊಳ್ಳುವುದಕ್ಕೆ ಆಹಾರ, ಒಂಟಿತನ, ಕಾಯಿಲೆ ಹೀಗೆ ಹಲವು ಕಾರಣಗಳಿರುತ್ತವೆ. ಯಾವುದೆಂದು ಹೇಳಬೇಕಾದವರು ಪಶುವೈದ್ಯರು. ಆ ಮನೆಯವರಿಗೂ ಅದನ್ನೇ ಹೇಳಿ ಬಂದೆ. ಹೊರಡುವಾಗ ತಟ್ಟೆಯಲ್ಲಿದ್ದ ಪಪ್ಪಾಯಿಯ ಒಂದು ಹೋಳನ್ನು ಪಂಜರದ ಸರಳಿಗೆ ಸಿಕ್ಕಿಸಿದೆ. ಗಿಳಿ ಸ್ವಲ್ಪ ಹೊತ್ತು ಅನುಮಾನದಿಂದ ನೋಡಿ, ಆಮೇಲೆ ತಿನ್ನತೊಡಗಿತು.

ಗಿಳಿಯನ್ನು ಕೊಳ್ಳುವ ಮುನ್ನ ಮನೆಯವರೆಲ್ಲ ಕುಳಿತು ಒಂದು ಪ್ರಶ್ನೆಗೆ ಉತ್ತರಿಸಲಿ: ರಜೆ ಮುಗಿದ ಮೇಲೆ, ಮಗುವಿನ ಆಸೆ ತೀರಿದ ಮೇಲೆ, ದಿನವೂ ಹಣ್ಣು ಕತ್ತರಿಸಿ, ಪಂಜರ ತೊಳೆದು, ಅದರೊಡನೆ ನಾಲ್ಕು ಮಾತಾಡುವವರು ಯಾರು? ಉತ್ತರ ‘ಉಮ್ಮ’ ಎಂದಾದರೆ, ಮೊದಲು ಉಮ್ಮನನ್ನು ಕೇಳಿ. ಯಾರೂ ಇಲ್ಲವೆಂದಾದರೆ ಅಂಗಡಿಯಿಂದ ಬರಿಗೈಯಲ್ಲಿ ಮರಳಿ ಬನ್ನಿ. ತನ್ನ ಹಸಿವನ್ನು ಬಾಯಿಬಿಟ್ಟು ಹೇಳಲಾಗದ ಜೀವವೂ ಅಮಾನತ್ತೇ. ಅದರ ಲೆಕ್ಕ ಕೊಡಬೇಕಾದವರು ನಾವು.