ಬಿಟ್ಟಿ ಚೀಲ, ಬಿಟ್ಟಿ ದುಡಿಮೆ

ಮಗಳು ಪದವಿಯ ಎರಡನೇ ವರ್ಷದಲ್ಲಿದ್ದಾಗಿನ ಮಾತು. ಕ್ರಿಸ್‌ಮಸ್ ರಜೆಗೆ ಲೆಸ್ಟರ್‌ನ ನಮ್ಮ ಮನೆಗೆ ಬಂದವಳ ಮೈಮೇಲೆ ಯಾರೋ ತೊಟ್ಟು ಬಿಟ್ಟ ಉಣ್ಣೆಯ ಕೋಟು ಇತ್ತು. ಚಾರಿಟಿ ಅಂಗಡಿಯಲ್ಲಿ 12 ಪೌಂಡ್‌ಗೆ ಸಿಕ್ಕಿತಂತೆ. ವಿಡಿಯೊ ಕರೆಯಲ್ಲಿ ಅದನ್ನು ಕಂಡ ದಾವಣಗೆರೆಯ ಅಜ್ಜಿ, ‘ಅಷ್ಟು ದೂರ ಹೋಗಿ ದುಡಿಯೋದು ಕೂಸಿಗೆ ಹಳೇ ಬಟ್ಟೆ ಹಾಕ್ಸೋಕಾ?’ ಎಂದು ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ನಮಗೂ ಕಸಿವಿಸಿಯಾಗಿತ್ತು. ಮಗಳು ಮಾತ್ರ, ‘ಹೊಸದು ಅಗ್ಗಕ್ಕೆ ಸಿಗುತ್ತೆ ಅಂದ್ರೆ ಉಳಿದ ದುಡ್ಡನ್ನ ಬೇರೆ ಯಾರೋ ಕೊಟ್ಟಿದ್ದಾರೆ ಅಂತ ಅರ್ಥ ಅಪ್ಪ’ ಎಂದಳು.

ಅವಳ ಮಾತು ತಪ್ಪೇನಲ್ಲ. 2013ರ ಏಪ್ರಿಲ್‌ನಲ್ಲಿ ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ, ಯುರೋಪಿನ ಅಂಗಡಿಗಳ ಅಗ್ಗದ ಉಡುಪನ್ನು ಹೊಲಿಯುತ್ತಿದ್ದವರು ಎಂಥ ಜಾಗದಲ್ಲಿ ಕೂತಿದ್ದರೆಂದು ಜಗತ್ತು ನೋಡಿತು. ಇಲ್ಲಿನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಬಟ್ಟೆ, ಪುಸ್ತಕ, ಪಾತ್ರೆಗಳನ್ನು ಚಾರಿಟಿ ಅಂಗಡಿಗಳಲ್ಲೋ ವಿಂಟೆಡ್‌ನಂಥ ಆ್ಯಪ್‌ಗಳಲ್ಲೋ ಕೊಳ್ಳುತ್ತಾರೆ. ಎಲ್ಲರೂ ಹಾಗಲ್ಲ, ಎಲ್ಲ ದಿನವೂ ಹಾಗಲ್ಲ. ಬಾಗಿಲಿಗೆ ಬಟ್ಟೆಯ ಚೀಲ ನೇತುಹಾಕಿದ ಕೋಣೆಯಲ್ಲೇ ನಾಲ್ಕು ಪೌಂಡ್‌ನ ಹೊಸ ಅಂಗಿಯ ಪಾರ್ಸೆಲ್‌ಗಳನ್ನೂ ನಾವು ಕಂಡಿದ್ದೇವೆ. ಹಸಿರು ಮನಸ್ಸಿದ್ದರೂ ಕೈ ಅಗ್ಗದ ಕಡೆಗೇ ಹೋಗುತ್ತದೆ.

ಕೈಯ ಚಾಳಿ ಬದಲಾಗುವುದು ಉಪದೇಶದಿಂದಲ್ಲ, ಬಿಲ್ಲಿನಿಂದ. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್‌ವರೆಗೂ ಸೂಪರ್ ಮಾರ್ಕೆಟ್‌ಗಳು ಪ್ಲಾಸ್ಟಿಕ್ ಚೀಲವನ್ನು ಬಿಟ್ಟಿಯಾಗಿ ಕೊಡುತ್ತಿದ್ದವು. ನಾವೂ ಒಂದರ ಬದಲು ಮೂರು ತರುತ್ತಿದ್ದೆವು. ಆಮೇಲೆ ದೊಡ್ಡ ಅಂಗಡಿಗಳಲ್ಲಿ ಒಂದು ಚೀಲಕ್ಕೆ 5 ಪೆನ್ಸ್ ಎಂದಾಯಿತು. 2021ರ ಮೇ ತಿಂಗಳಲ್ಲಿ ಅದು 10 ಪೆನ್ಸ್ ಆಗಿ, ಸಣ್ಣ ಅಂಗಡಿಗಳಿಗೂ ಬಂತು. ಐದು ಪೆನ್ಸ್‌ಗೆ ಯಾರೂ ಬಡವರಾಗಲಿಲ್ಲ. ಆದರೆ ಬಿಟ್ಟಿಯಾಗಿದ್ದದ್ದು ಬಿಲ್ಲಿನಲ್ಲಿ ಕಾಣಿಸಿಕೊಂಡ ಕೂಡಲೇ ನಾವೆಲ್ಲ ಮನೆಯಿಂದ ಚೀಲ ಒಯ್ಯಲು ಕಲಿತೆವು.

ಇಷ್ಟು ತಿಳಿದ ನಾವು ಇನ್ನೊಂದು ಬಿಲ್ಲನ್ನು ನೋಡಿಯೇ ಇರಲಿಲ್ಲ. 2023ರಲ್ಲಿ ಮಗಳ ಕೊನೆಯ ವರ್ಷದ ಫಲಿತಾಂಶ ತಡವಾಯಿತು. ವೇತನ, ಕೆಲಸದ ಹೊರೆ ಮತ್ತು ತಾತ್ಕಾಲಿಕ ನೇಮಕಾತಿಗಳ ಪ್ರಶ್ನೆ ಎತ್ತಿ, ಅಧ್ಯಾಪಕರ ಸಂಘವಾದ ಯುಸಿಯು ಆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದಾದ್ಯಂತ ಮೌಲ್ಯಮಾಪನ ಬಹಿಷ್ಕಾರ ನಡೆಸಿತ್ತು. ಎಷ್ಟೋ ಮಕ್ಕಳು ಪೂರ್ತಿ ಅಂಕಗಳಿಲ್ಲದೆಯೇ ಘಟಿಕೋತ್ಸವಕ್ಕೆ ಹೋದರು. ನಮಗೆ ಸಿಟ್ಟು ಬಂದು, ಅವಳ ಅಧ್ಯಾಪಕರೊಬ್ಬರಿಗೆ, ‘ಶುಲ್ಕ ಕಟ್ಟಿದ್ದೇವೆ, ಸೇವೆ ಎಲ್ಲಿ?’ ಎಂದು ಖಾರವಾಗಿ ಬರೆದೆವು. ಉತ್ತರ ಬರಲಿಲ್ಲ.

ಉತ್ತರ ಸಿಕ್ಕಿದ್ದು ಬೇರೆ ಕಡೆ. ಪ್ರತಿ ಜನವರಿ 31 ತೆರಿಗೆ ವಿವರ ಸಲ್ಲಿಸಲು ಇಲ್ಲಿ ಕೊನೆಯ ದಿನ. ಮೈಸೂರು ಕಡೆಯ ಗೆಳತಿಯೊಬ್ಬರು ತಮ್ಮ ಕಾಗದಪತ್ರಗಳನ್ನು ನಮ್ಮ ಮೇಜಿನ ಮೇಲೆ ಹರಡಿದರು. ಎರಡು ವಿಶ್ವವಿದ್ಯಾಲಯಗಳಲ್ಲಿ ಗಂಟೆ ಲೆಕ್ಕದ ಪಾಠ, ಜೊತೆಗೆ ಮನೆಪಾಠ. ತಮಗಾಗಿಯೇ ಅವರು ಕೆಲಸದ ಗಂಟೆಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದರು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ: ಒಂದು ಪ್ರಬಂಧ ತಿದ್ದಲು ಸಂಬಳ ಸಿಗುವುದು 20 ನಿಮಿಷಕ್ಕೆ. 60 ಪ್ರಬಂಧಕ್ಕೆ 20 ಗಂಟೆ. ಓದಿ, ಮಗುವಿಗೆ ಉಪಯೋಗವಾಗುವ ನಾಲ್ಕು ಮಾತು ಬರೆಯಲು ಅವರಿಗೆ ಹಿಡಿದದ್ದು 45 ಗಂಟೆ. ಉಳಿದ 25 ಗಂಟೆ ಬಿಟ್ಟಿ. ರಾತ್ರಿ ನಿದ್ದೆ ಬಾರದೆ ವೈದ್ಯರಲ್ಲಿಗೆ ಹೋಗಿ ಬಂದದ್ದೂ ಅದೇ ಡೈರಿಯಲ್ಲಿತ್ತು.

ಬಿ.ಕಾಂ. ಮೊದಲ ವರ್ಷದಲ್ಲೇ ನಾವು ಕಲಿತ ಪಾಠವಿದು: ಬಿಲ್ಲು ಬಂದಿಲ್ಲವೆಂದ ಮಾತ್ರಕ್ಕೆ ಖರ್ಚು ಆಗಿಲ್ಲವೆಂದಲ್ಲ. ಅದನ್ನು ಕೊಡಬೇಕಾದ ಬಾಕಿ ಎಂದು ತೋರಿಸದ ಲೆಕ್ಕ ಸುಳ್ಳು ಲೆಕ್ಕ. ಆ 25 ಗಂಟೆ ಯಾವ ವಿಶ್ವವಿದ್ಯಾಲಯದ ಆಯವ್ಯಯದಲ್ಲೂ ಇಲ್ಲ. ಹಿಂದಿನ ಪ್ಲಾಸ್ಟಿಕ್ ಚೀಲದಂತೆ ಅದು ಬಿಟ್ಟಿ ಸಿಗುತ್ತದೆ. ಆದ್ದರಿಂದಲೇ ಯಾರೂ ಮಿತಿಯಲ್ಲಿ ಬಳಸುವುದಿಲ್ಲ.

ವಿಶ್ವವಿದ್ಯಾಲಯಗಳಿಗೂ ಕಷ್ಟವಿದೆ, ಒಪ್ಪೋಣ. ಇಲ್ಲಿನ ವಿದ್ಯಾರ್ಥಿಗಳ ಗರಿಷ್ಠ ವಾರ್ಷಿಕ ಶುಲ್ಕ 2012ರಲ್ಲಿ 9,000 ಪೌಂಡ್ ಇದ್ದದ್ದು 2017ರಲ್ಲಿ 9,250 ಆಗಿ, 2025ರಲ್ಲಷ್ಟೇ 9,535ಕ್ಕೆ ಏರಿತು. ಆ ನಡುವೆ ಬೆಲೆಗಳು ಎಲ್ಲಿಗೆ ಹೋದವೆಂದು ಮನೆ ನಡೆಸುವವರಿಗೆಲ್ಲ ಗೊತ್ತು. ಕೊರತೆ ತುಂಬಲು ಸಂಸ್ಥೆಗಳು ನೆಚ್ಚಿಕೊಂಡದ್ದು ಹೊರದೇಶದ ಮಕ್ಕಳನ್ನು. ಅವರ ಶುಲ್ಕ ಎರಡು ಪಟ್ಟು, ಕೆಲವೆಡೆ ಇನ್ನೂ ಹೆಚ್ಚು. ಊರಲ್ಲಿ ಸೈಟು ಅಡವಿಟ್ಟು ಮಗನನ್ನು ಇಲ್ಲಿಗೆ ಕಳಿಸಿದ ತಂದೆ ‘ಕೊಟ್ಟ ದುಡ್ಡಿಗೆ ಪಾಠ ಸಿಗಲಿ’ ಎನ್ನುವುದರಲ್ಲಿ ತಪ್ಪಿಲ್ಲ. ಆದರೆ ಆ ಪ್ರಶ್ನೆಯನ್ನು ಆಡಳಿತದವರಿಗೆ ಕೇಳಬೇಕು. ನಾವು ಕೇಳಿದ್ದು ನಿದ್ದೆಗೆಟ್ಟ ಅಧ್ಯಾಪಕರನ್ನು.

ಕಾನೂನೂ ಹಾಗೆಯೇ ಹೇಳುತ್ತದೆ. ಕೆಲಸದ ಒತ್ತಡದಿಂದ ನೌಕರರ ಆರೋಗ್ಯಕ್ಕೆ ಆಗಬಹುದಾದ ಅಪಾಯವನ್ನು ಮೊದಲೇ ಅಂದಾಜು ಮಾಡಿ ತಗ್ಗಿಸುವುದು ಬ್ರಿಟನ್ನಿನಲ್ಲಿ ಮಾಲೀಕರ ಹೊಣೆ. ಇದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಚ್‌ಎಸ್‌ಇ ಪಟ್ಟಿ ಮಾಡಿರುವ ಒತ್ತಡದ ಆರು ಮೂಲಗಳಲ್ಲಿ ಮೊದಲನೆಯದೇ ಕೆಲಸದ ಹೊರೆ. ‘ಧ್ಯಾನ ಮಾಡಿ, ಯೋಗ ಮಾಡಿ’ ಎಂಬ ಇಮೇಲ್ ಕಳಿಸಿದರೆ ಆ ಹೊಣೆ ತೀರುವುದಿಲ್ಲ. ತಿದ್ದಲು 45 ನಿಮಿಷ ಬೇಕಾದರೆ 45 ನಿಮಿಷದ ಸಂಬಳ ಬರೆಯಬೇಕು. ಆಗ ಎಷ್ಟು ಪರೀಕ್ಷೆ, ಎಷ್ಟು ಪ್ರಬಂಧ ನಿಜಕ್ಕೂ ಬೇಕೆಂದು ಆಡಳಿತವೇ ಯೋಚಿಸತೊಡಗುತ್ತದೆ, ನಾವು ಚೀಲದ ಬಗ್ಗೆ ಯೋಚಿಸಿದ ಹಾಗೆ.

ಊರಿನಲ್ಲಿರುವವರಿಗೂ ಇದು ಹೊಸ ಕಥೆಯಲ್ಲ. 2023ರ ಕೊನೆಯಲ್ಲಿ ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಹಿಷ್ಕರಿಸಿ ಬೀದಿಗೆ ಇಳಿದದ್ದನ್ನು ನೀವೇ ನೋಡಿದ್ದೀರಿ.

ಮಕ್ಕಳನ್ನು ಇಲ್ಲಿಗೆ ಓದಲು ಕಳಿಸುವವರಲ್ಲಿ ನಮ್ಮದೊಂದು ಕೋರಿಕೆ. ಪ್ರವೇಶಕ್ಕೆ ಮೊದಲು ಹಾಸ್ಟೆಲ್, ವೀಸಾ, ಪಾರ್ಟ್ ಟೈಮ್ ಕೆಲಸದ ಜೊತೆಗೆ ಎರಡು ಪ್ರಶ್ನೆ ಸೇರಿಸಿ: ಪಾಠ ಮಾಡುವವರಲ್ಲಿ ಕಾಯಂ ನೌಕರರು ಎಷ್ಟು? ಒಬ್ಬ ಅಧ್ಯಾಪಕರ ಪಾಲಿಗೆ ಎಷ್ಟು ವಿದ್ಯಾರ್ಥಿಗಳು? ಹತ್ತು ಪೋಷಕರು ಕೇಳಿದರೆ ಉತ್ತರ ತಯಾರಿಸಿ ಇಟ್ಟುಕೊಳ್ಳಲೇಬೇಕಾಗುತ್ತದೆ. ಶನಿವಾರ ರಾತ್ರಿ ಇಮೇಲ್ ಮಾಡಿ ಭಾನುವಾರ ಬೆಳಿಗ್ಗೆ ಉತ್ತರ ಬಂದಿಲ್ಲವೆಂದು ದೂರುವ ಮಕ್ಕಳಿಗೂ ಒಂದು ಮಾತು ಹೇಳಿ.

ನಾವು ಆ ಅಧ್ಯಾಪಕರಿಗೆ ಎರಡನೇ ಪತ್ರ ಬರೆದೆವು. ಕ್ಷಮೆ ಕೇಳಲು ನಾಲ್ಕೇ ಸಾಲು. ಉತ್ತರ ಬೇಡವೆಂದೂ ಬರೆದಿದ್ದೆವು. ಆದರೂ ಮರುವಾರ ಬಂತು, ಮಗಳ ಕ್ಷೇಮ ಕೇಳಿ.