ಅನ್ಯರ ಆರಾಧ್ಯದ ಅಪಹಾಸ್ಯ: ಕಾನೂನು ಮತ್ತು ಅಂತಃಸಾಕ್ಷಿ

ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ತಂದೆಯೊಬ್ಬರು ಗುರುನಿವಾಸದ ಜಗುಲಿಯಲ್ಲಿ ಕಾದು ನಿಂತಿದ್ದರು. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗ, ಗಣಪತಿಯನ್ನು ಗೇಲಿ ಮಾಡುವ ಚಿತ್ರವೊಂದನ್ನು ಯಾರಿಂದಲೋ ಪಡೆದು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ರವಾನಿಸಿದ್ದ. ಅದೇ ಗುಂಪಿನಲ್ಲಿದ್ದ ನೆರೆಮನೆಯ ಹುಡುಗ ಅದನ್ನು ತನ್ನ ತಂದೆಗೆ ತೋರಿಸಿದ್ದ. "ಚಿತ್ರ ಬರೆದವನು ನನ್ನ ಮಗನಲ್ಲ, ಕಳುಹಿಸಿದ್ದು ಮಾತ್ರ. ಅಷ್ಟಕ್ಕೂ ಕೇಸು ಆಗುತ್ತದೆಯೇ ಸ್ವಾಮಿ?" ಎಂದು ಅವರು ಕೇಳಿದರು.

ಆಗಬಹುದು. ಈ ಮಾತನ್ನು ನಮ್ಮ ಕುಟುಂಬಗಳು ಸ್ಪಷ್ಟವಾಗಿ ತಿಳಿದಿರುವುದು ಒಳ್ಳೆಯದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಂ, ಹಳೆಯ ದಂಡ ಸಂಹಿತೆಯ 295-ಎ ಕಲಮಿನ ಸ್ಥಾನದಲ್ಲಿ ಬಂದಿದೆ. ಯಾವುದೇ ವರ್ಗದ ನಾಗರಿಕರ ಧಾರ್ಮಿಕ ಭಾವನೆಗಳನ್ನು ಕೆರಳಿಸುವ ದುರುದ್ದೇಶದಿಂದ ಅವರ ಧರ್ಮವನ್ನಾಗಲೀ ಧಾರ್ಮಿಕ ನಂಬಿಕೆಯನ್ನಾಗಲೀ ಅವಮಾನಿಸುವವನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡನ್ನೂ ಅದು ವಿಧಿಸುತ್ತದೆ. ಮಾತು, ಬರಹ, ಸಂಜ್ಞೆ, ಚಿತ್ರಗಳ ಜೊತೆಗೆ ವಿದ್ಯುನ್ಮಾನ ಸಾಧನಗಳೂ ಈಗ ಅದರಲ್ಲಿ ಹೆಸರಿಸಲ್ಪಟ್ಟಿವೆ. ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನು ರಹಿತ ಅಪರಾಧವಿದು. ವರ್ಗಗಳ ನಡುವೆ ದ್ವೇಷ ಬೆಳೆಸುವುದಕ್ಕೆ 196ನೆಯ ಕಲಂ ಪ್ರತ್ಯೇಕವಾಗಿದೆ.

"ನಾನು ಬರೆದದ್ದಲ್ಲ, ದಾಟಿಸಿದ್ದು ಮಾತ್ರ" ಎಂಬ ವಾದ ಎಷ್ಟು ದುರ್ಬಲವೆಂಬುದನ್ನು ತಮಿಳುನಾಡಿನ ಮಾಜಿ ಶಾಸಕ, ನಟ ಎಸ್.ವಿ. ಶೇಖರ್ ಅವರ ಮೊಕದ್ದಮೆ ತೋರಿಸಿದೆ. ಧರ್ಮಕ್ಕೆ ಸಂಬಂಧಿಸಿದ ಪ್ರಕರಣ ಅದಲ್ಲ. 2018ರಲ್ಲಿ ಪತ್ರಕರ್ತೆಯರನ್ನು ಹೀಯಾಳಿಸಿದ ಪರರ ಬರಹವೊಂದನ್ನು ಅವರು ಫೇಸ್‌ಬುಕ್‌ನಲ್ಲಿ ಹಂಚಿಕೊಂಡಿದ್ದರು. ಹಂಚಿದವನು ಅದರ ಹೊಣೆಯನ್ನೂ ಹೊರಬೇಕೆಂದು 2023ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಹೇಳಿತು. ಸರ್ವೋಚ್ಚ ನ್ಯಾಯಾಲಯವೂ ಅವರಿಗೆ ವಿನಾಯಿತಿ ನೀಡಲಿಲ್ಲ.

ಈ ಕಾನೂನು ಹುಟ್ಟಿದ ಬಗೆಯನ್ನು ನೆನೆಯಬೇಕು. ಪ್ರವಾದಿ ಮುಹಮ್ಮದರ ಖಾಸಗಿ ಬದುಕನ್ನು ಹೀಗಳೆದ ಕಿರುಪುಸ್ತಕವೊಂದರ ಪ್ರಕಾಶಕನನ್ನು 1927ರಲ್ಲಿ ಲಾಹೋರಿನ ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ಅಂದಿನ ಕಲಮುಗಳ ವ್ಯಾಪ್ತಿಗೆ ಆ ಕೃತ್ಯ ಬರುತ್ತಿರಲಿಲ್ಲ. ಅದರಿಂದೆದ್ದ ಕ್ಷೋಭೆಯ ನಡುವೆ ಅದೇ ವರ್ಷ 295-ಎ ರೂಪುಗೊಂಡಿತು. ಎರಡು ವರ್ಷಗಳ ನಂತರ ಆ ಪ್ರಕಾಶಕ ಕೊಲೆಯಾದ. ಮುಸಲ್ಮಾನರ ನೋವಿನಿಂದ ಹುಟ್ಟಿದ ಕಾನೂನು ಇಂದು ಹಿಂದೂಗಳನ್ನೂ ಸಿಖ್ಖರನ್ನೂ ನಮ್ಮನ್ನೂ ಒಂದೇ ಸಮನಾಗಿ ಕಾಯುತ್ತದೆ, ಅಥವಾ ಕಾಯಬೇಕು.

ಆದರೆ ಕಾನೂನು ಶಿಕ್ಷಿಸುವುದು ನೋವನ್ನಲ್ಲ, ಉದ್ದೇಶವನ್ನು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಈ ಕಲಮನ್ನು ಎತ್ತಿಹಿಡಿದದ್ದು ಈ ಭೇದವನ್ನು ಆಧಾರವಾಗಿಟ್ಟುಕೊಂಡೇ: ಅರಿಯದೆ, ಅಜಾಗರೂಕತೆಯಿಂದ ಆದ ಅವಮಾನ ಅಪರಾಧವಲ್ಲ. ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿಯವರನ್ನು 2013ರಲ್ಲಿ ನಿಯತಕಾಲಿಕವೊಂದು ತನ್ನ ಮುಖಪುಟದಲ್ಲಿ ವಿಷ್ಣುವಿನ ವೇಷದಲ್ಲಿ, ಕೈಗಳಲ್ಲಿ ಬೂಟು ಮೊದಲಾದ ಸರಕುಗಳೊಡನೆ ಚಿತ್ರಿಸಿದಾಗ ಬೆಂಗಳೂರಿನಲ್ಲೂ ಅನಂತಪುರದಲ್ಲೂ ಮೊಕದ್ದಮೆಗಳು ಹೂಡಲ್ಪಟ್ಟವು. ಸರ್ವೋಚ್ಚ ನ್ಯಾಯಾಲಯ ಬೆಂಗಳೂರಿನದನ್ನು 2016ರಲ್ಲಿ, ದುರುದ್ದೇಶವಿಲ್ಲವೆಂದು ಅನಂತಪುರದ್ದನ್ನು 2017ರಲ್ಲಿ ರದ್ದುಗೊಳಿಸಿತು.

ಧೋನಿಯವರಿಗೆ ದೆಹಲಿಯವರೆಗೆ ಹೋಗುವ ಶಕ್ತಿಯಿತ್ತು. ನಮ್ಮ ರೇಷ್ಮೆ ಬೆಳೆಗಾರನ ಮಗನಿಗೆ, ಬೊಂಬೆ ಕಾರ್ಖಾನೆಯ ಕೂಲಿಯ ಮಗನಿಗೆ ಅದು ಎಲ್ಲಿಂದ ಬರಬೇಕು? ಉದ್ದೇಶ ತೀರ್ಮಾನವಾಗುವುದು ವಿಚಾರಣೆಯ ಕೊನೆಯಲ್ಲಿ. ಠಾಣೆಯ ಮೆಟ್ಟಿಲು ಬರುವುದು ಮೊದಲಲ್ಲಿ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಟ ಚೇತನ್ ಕುಮಾರ್ ಅವರು ಹಿಂದುತ್ವದ ಕುರಿತು ಬರೆದ ಚುಟುಕು ಟ್ವೀಟಿಗಾಗಿ ಬಂಧಿತರಾಗಿ, ಎರಡು ದಿನಗಳ ನಂತರ ಜಾಮೀನು ಪಡೆದರು. ಅವರು ಟೀಕಿಸಿದ್ದು ಒಂದು ರಾಜಕೀಯ ಸಿದ್ಧಾಂತವನ್ನು, ದೇವರ ವಿಗ್ರಹವನ್ನಲ್ಲ. ಆದರೂ ಸೆರೆಮನೆ ತಪ್ಪಲಿಲ್ಲ. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನವೇ ಮೊದಲ ಹೆಜ್ಜೆಯಾಗಬಾರದೆಂದು 2014ರಲ್ಲೇ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದೆ. ಆದ್ದರಿಂದ ಪೊಲೀಸರ ನೋಟಿಸು ಬಂದರೆ ತಲೆಮರೆಸಿಕೊಳ್ಳದೆ ವಕೀಲರೊಂದಿಗೆ ಹಾಜರಾಗುವುದೇ ಕ್ಷೇಮ.

ಆರೋಪ ಮಾತ್ರದಿಂದ ಏನಾಗಬಲ್ಲದೆಂಬುದನ್ನು ನಮ್ಮ ಸಮುದಾಯ ಕಣ್ಣಾರೆ ಕಂಡಿದೆ. 2024ರ ಫೆಬ್ರವರಿಯಲ್ಲಿ ಮಂಗಳೂರಿನ ಜೆಪ್ಪುವಿನ ಸಂತ ಜೆರೋಸಾ ಶಾಲೆಯಲ್ಲಿ ರವೀಂದ್ರನಾಥ ಟ್ಯಾಗೋರರ ಕವಿತೆಯನ್ನು ಪಾಠ ಹೇಳುವಾಗ ಧರ್ಮಭಗಿನಿಯೊಬ್ಬರು ಹಿಂದೂ ದೇವರುಗಳನ್ನು ಹೀಯಾಳಿಸಿದರೆಂಬ ಆರೋಪದ ಧ್ವನಿ ಸಂದೇಶವೊಂದು ಮೊಬೈಲಿನಿಂದ ಮೊಬೈಲಿಗೆ ಹರಡಿತು. ಶಾಲೆಯ ಮುಂದೆ ಪ್ರತಿಭಟನೆ ನಡೆಯಿತು, ಆ ಶಿಕ್ಷಕಿಯನ್ನು ಕೆಲಸದಿಂದ ತೆಗೆಯಲಾಯಿತು. ಪ್ರತಿಭಟನೆಗೆ ಸಂಬಂಧಿಸಿ ಇಬ್ಬರು ಶಾಸಕರ ಮೇಲೂ ಪ್ರಕರಣ ದಾಖಲಾಯಿತು. ಇಷ್ಟೆಲ್ಲ ಆದದ್ದು ಯಾವ ನ್ಯಾಯಾಲಯವೂ ತೀರ್ಪು ನೀಡುವ ಮೊದಲು. ಹೀಗಿರುವಾಗ ನಿಜವಾಗಿಯೇ ಗೇಲಿ ಮಾಡಿದ ನಮ್ಮ ಯುವಕನೊಬ್ಬ, ಗೇಲಿ ಮಾಡದೆ ಆರೋಪಕ್ಕೊಳಗಾಗುವ ಹತ್ತು ಮಂದಿಯ ಮಾತಿನ ಬೆಲೆಯನ್ನೂ ಕಳೆಯುತ್ತಾನೆ.

ಹಾಗಾದರೆ ಭಯಕ್ಕಾಗಿ ಸುಮ್ಮನಿರಬೇಕೆ? ಭಯ ಬಹಳ ಬಡವಾದ ಕಾರಣ. ನಮಗೆ ಅದಕ್ಕಿಂತ ಹಳೆಯದಾದ ಕಾರಣವಿದೆ. ಎಫೆಸ ಪಟ್ಟಣದಲ್ಲಿ ಸಂತ ಪೌಲರ ವಿರುದ್ಧ ಅಕ್ಕಸಾಲಿಗರು ದಂಗೆಯೆಬ್ಬಿಸಿ, ಜನ ಎರಡು ಗಂಟೆಗಳ ಕಾಲ ಕೂಗಾಡಿದ ಪ್ರಸಂಗವನ್ನು ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಜನರನ್ನು ಸಮಾಧಾನಪಡಿಸಿದವನು ಕ್ರೈಸ್ತನಲ್ಲ, ಪಟ್ಟಣದ ಅಧಿಕಾರಿ. ಪೌಲರ ಸಂಗಡಿಗರು ಗುಡಿಯನ್ನು ದೋಚಿದವರೂ ಅಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ, ದೂರಿದ್ದರೆ ನ್ಯಾಯಾಲಯವಿದೆ ಎಂದು ಅವನು ಹೇಳಿದ. ವಿಗ್ರಹಾರಾಧನೆಯ ವಿಷಯದಲ್ಲಿ ಪೌಲರ ನಿಲುವು ಎಂಥದೆಂಬುದು ಎಲ್ಲರಿಗೂ ಗೊತ್ತು. ಆದರೂ ಅರ್ತೆಮಿ ದೇವಿಯನ್ನು ಅವರು ಹೀಯಾಳಿಸಿದರೆಂದು ಹೇಳಲು ಎದುರಾಳಿಗಳ ನಗರದ ಅಧಿಕಾರಿಗೂ ಸಾಧ್ಯವಾಗಲಿಲ್ಲ.

ಇನ್ನೂ ಕಟುವಾದ ನಿದರ್ಶನ ಸ್ಪೇನಿನದು. ನಾಲ್ಕನೆಯ ಶತಮಾನದ ಆರಂಭದಲ್ಲಿ ಎಲ್ವೀರಾದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ, ವಿಗ್ರಹವನ್ನು ಒಡೆದು ಅಲ್ಲೇ ಕೊಲೆಯಾದವನನ್ನು ರಕ್ತಸಾಕ್ಷಿಗಳ ಪಟ್ಟಿಗೆ ಸೇರಿಸಕೂಡದೆಂದು ವಿಧಿಸಿತು. ಶುಭಸಂದೇಶದಲ್ಲಿ ಇಂಥದಕ್ಕೆ ಆಧಾರವಿಲ್ಲ, ಪ್ರೇಷಿತರು ಹೀಗೆ ನಡೆದುಕೊಂಡದ್ದೂ ಇಲ್ಲ ಎಂಬುದು ಅವರು ಕೊಟ್ಟ ಕಾರಣ. ಧರ್ಮಸಭೆ ಹಿಂಸೆಗೆ ಗುರಿಯಾಗುತ್ತಿದ್ದ ಕಾಲದ ಜನ ಅವರು, ಆರಾಮವಾಗಿ ಕುಳಿತು ಬರೆದವರಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಅನ್ಯಧರ್ಮಗಳಲ್ಲಿನ ಸತ್ಯವನ್ನೂ ಪಾವಿತ್ರ್ಯವನ್ನೂ ಗೌರವಿಸಲು ಕರೆಯಿತ್ತಾಗ ಅದು ಹೊಸ ಔದಾರ್ಯವೇನೂ ಆಗಿರಲಿಲ್ಲ.

ತತ್ವಶಾಸ್ತ್ರದ ತರಗತಿಯಲ್ಲಿ ಕಲಿತ ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. ವಿಮರ್ಶೆಯೊಂದು ಏನನ್ನಾದರೂ ಪ್ರತಿಪಾದಿಸುತ್ತದೆ; ಆದ್ದರಿಂದ ಅದಕ್ಕೆ ಉತ್ತರ ಕೊಡಬಹುದು, ಅದನ್ನು ಸುಳ್ಳೆಂದು ತೋರಿಸಲೂಬಹುದು. ಅಪಹಾಸ್ಯ ಏನನ್ನೂ ಪ್ರತಿಪಾದಿಸುವುದಿಲ್ಲ. ಎದುರಿನವನಿಗೆ ಅದು ಬಿಡುವ ದಾರಿಗಳು ಎರಡೇ: ನುಂಗಿಕೊಳ್ಳುವುದು ಅಥವಾ ಕೆರಳುವುದು.

ನುಂಗಿಕೊಳ್ಳುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತಿಲ್ಲವೆ? ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುಸ್ವಾಮಿಯ ಪ್ರತಿಮೆಗೆ 2019ರ ಕ್ರಿಸ್ಮಸ್ ದಿನ ಶಂಕುಸ್ಥಾಪನೆಯಾಗಿ, ಮುಂದಿನ ಜನವರಿ 13ರಂದು ಕನಕಪುರದಲ್ಲಿ ಅದರ ವಿರುದ್ಧ ಮೆರವಣಿಗೆ ನಡೆಯಿತು. ಪ್ರತಿಮೆ ಬೇಕೆ ಬೇಡವೆ, ಜಮೀನು ಯಾರದು ಎಂಬ ಚರ್ಚೆ ನ್ಯಾಯವಾದದ್ದೇ. ಆದರೆ ಆ ದಿನಗಳಲ್ಲಿ ಮೊಬೈಲುಗಳಲ್ಲಿ ಹರಿದಾಡಿದ ಕೆಲವು ಚಿತ್ರಗಳನ್ನು ಕಂಡು ನಮ್ಮ ಮನೆಗಳ ಹಿರಿಯರು ಊಟ ಬಿಟ್ಟದ್ದನ್ನು ನಾನು ಬಲ್ಲೆ. ವಿರೂಪಾಕ್ಷಿಪುರದ ಸುತ್ತ ಬದುಕುವ ನಾವು ದಿನಕ್ಕೆ ಹತ್ತು ಬಾರಿ, ಬಸ್ಸಿನ ಟಿಕೆಟು ಕೇಳುವಾಗಲೂ, ಶಿವನ ಹೆಸರನ್ನೇ ಉಚ್ಚರಿಸುತ್ತೇವೆ. ಕೆಂಗಲ್ ಆಂಜನೇಯನ ಗುಡಿಯ ಮುಂದೆ ನಮ್ಮ ಮಕ್ಕಳೂ ಜಾತ್ರೆ ನೋಡಿ ಬೆಳೆದವರು.

ಆ ತಂದೆಗೆ ನಾನು ಕಾನೂನಿನ ಕಲಮುಗಳನ್ನೆಲ್ಲ ಹೇಳಿ, ಮಗನನ್ನು ಕರೆದುಕೊಂಡು ನೆರೆಮನೆಗೆ ಹೋಗುವಂತೆ ಸೂಚಿಸಿದೆ. ಅಂದು ಸಂಜೆಯೇ ಹೋದರು. ಹುಡುಗ ತಲೆ ತಗ್ಗಿಸಿ ಕ್ಷಮೆ ಕೇಳಿದ. ಆ ಮನೆಯ ಯಜಮಾನರು ಕಾಫಿ ಕೊಟ್ಟು ಕಳುಹಿಸಿದರು, ದೂರು ಕೊಡಲಿಲ್ಲ. ಆದರೆ ಪ್ರತಿ ವರ್ಷ ಗೌರಿ-ಗಣೇಶ ಹಬ್ಬಕ್ಕೆ ಆ ಮನೆಯಿಂದ ಬರುತ್ತಿದ್ದ ಕಡುಬು ಈ ಬಾರಿ ಬರಲಿಲ್ಲವೆಂದು ಹುಡುಗನ ತಾಯಿ ಮೊನ್ನೆ ಹೇಳಿದರು.